ಜಡೆ ಕೋಲಾಟ: ಮೊದಲು ಈ ಪದಗಳು

ಈ ಸಲ ಜಡೆ ಕೋಲಾಟಕ್ಕೆ ಹೆಸರು ಕೊಟ್ಟ ಪ್ರಥಮ ಪಿಯುಸಿಯವರಿಗಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಉರ್ದು ಮಾತಾಡುವ ನನಗೂ ಈ ಪದಗಳು ಹೊಸವಾಗಿದ್ದವು.

ಜೋಡಿ ಅಂದರೆ ಎದುರಾಗುವವರು. ಸುತ್ತುತ್ತಾ ಹೋದಂತೆ ಬದಲಾಗುತ್ತಾರೆ. ಮೇಲಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳು ಹೆಣೆದುಕೊಂಡರೆ ಅದೇ ಜಡೆ. ಹೊನ್ನವಳ್ಳಿಯಲ್ಲಿ ತೆಂಗಿನ ಹುರಿಗೆ ಬರವಿಲ್ಲ, ಆದರೆ ಅದು ಅಂಗೈ ಕೊರೆಯುತ್ತದೆ, ಬಟ್ಟೆಯೇ ಸರಿ.

ಹೆಣೆಯುವಾಗ ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ ಸುತ್ತುತ್ತಾರೆ. ಎದುರಾದ ಒಬ್ಬರನ್ನು ಒಳಗಿನಿಂದ ದಾಟಿದರೆ, ಮುಂದಿನವರನ್ನು ಹೊರಗಿನಿಂದ. ಹೊರಗಿನವರು ಪಟ್ಟಿ ಎತ್ತಬೇಕು, ಒಳಗಿನವರು ತಲೆ ತಗ್ಗಿಸಬೇಕು.

ಬಿಚ್ಚುವುದೇ ಕಷ್ಟ. ಹಿಂದಕ್ಕೆ ತಿರುಗಿ, ಕೊನೆಗೆ ದಾಟಿದವರನ್ನೇ ಮೊದಲು ದಾಟಬೇಕು, ಅದೇ ಬದಿಯಿಂದ. ಕಾಮರ್ಸ್‌ನವರು ರಿವರ್ಸ್ ಎಂಟ್ರಿ ಎಂದುಕೊಳ್ಳಿ. ಒಬ್ಬರು ತಪ್ಪಿದರೂ ಎಲ್ಲರ ಜಡೆಗೂ ಗಂಟು. ಆಗ ಎಳೆಯಬೇಡಿ, ಇನ್ನೂ ಬಿಗಿಯುತ್ತದೆ. ನಿಂತಲ್ಲೇ ನಿಂತು, ಯಾರ ಬಣ್ಣ ಯಾವುದರ ಮೇಲಿದೆ ನೋಡಿ.