ಕರ್ತನ ಭೋಜನದ ಮೇಜು ಬಿರಿದದ್ದು ಯಾಕೆ?



ನಮ್ಮ ಸಭೆಯಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇನೆ. ಇಂಥದು ಬೈಲುಸೀಮೆಯ ಯಾವ ಪ್ರಾರ್ಥನಾಲಯದಲ್ಲಿಯಾದರೂ ನಡೆಯಬಹುದು. ಶುಭ ಶುಕ್ರವಾರಕ್ಕೆ ಹತ್ತು ದಿವಸಗಳಿರುವಾಗ ಕರ್ತನ ಭೋಜನದ ಮೇಜಿನ ಮೇಲ್ಹಲಗೆಯು ಈ ಕೊನೆಯಿಂದ ಆ ಕೊನೆಯ ವರೆಗೆ ಬಿರಿದಿರುವದನ್ನು ಕಂಡೆವು. ಸಾಗುವಾನಿಯ ಮೇಜು, ಅಗಲ ೩೦ ಅಂಗುಲ, ಮಾಡಿಸಿ ಒಂದು ವರುಷವೂ ಆಗಿರಲಿಲ್ಲ. ವೃದ್ಧೆಯಾದ ಒಬ್ಬ ತಾಯಿಯವರು, "ಉಪದೇಶಿಗಳೇ, ಇದು ಅಪಶಕುನ. ಸಭೆಯೊಳಗೆ ಯಾರದೋ ಮುಚ್ಚಿಟ್ಟ ಪಾಪವುಂಟು. ನಾನು ಈ ಮೇಜಿನ ಬಳಿಗೆ ಬರಲಾರೆನು" ಅಂದರು. ಹಿರಿಯರಲ್ಲಿ ಕೆಲವರು ಬಡಗಿಯ ಮೇಲೆ ತಪ್ಪು ಹೊರಿಸಿದರು. ಅವನು ದೀಕ್ಷಾಸ್ನಾನ ಹೊಂದಿ ಎರಡೇ ವರುಷಗಳಾಗಿದ್ದವು. ಹಸಿಮರ ಕೊಟ್ಟು ಸಭೆಯ ಹಣ ತಿಂದನೆಂಬ ಮಾತು ಕಿವಿಗೆ ಬಿದ್ದ ಮೇಲೆ ಅವನೂ ಅವನ ಹೆಂಡತಿಯೂ ಪುನರುತ್ಥಾನದ ಭಾನುವಾರದಲ್ಲಿಯೂ ಆರಾಧನೆಗೆ ಬರಲಿಲ್ಲ.

ನಾನಾದರೋ ಬಿರುಕಿನೊಳಗೆ ಮರದ ಸೀಳೊಂದನ್ನು ಅಂಟು ಹಾಕಿ ಬಿಗಿಯಾಗಿ ತುಂಬಿಸಿದೆನು. ಕೆಲಸ ಮುಗಿಯಿತೆಂದು ಎಣಿಸಿದೆನು. ಆಷಾಢದ ಮಳೆ ಹಿಡಿದಾಗ ಮೇಲ್ಹಲಗೆಯು ಆಮೆಯ ಬೆನ್ನಿನ ಹಾಗೆ ನಡುವೆ ಎದ್ದು, ಕೆಳಗಿನ ಅಡ್ಡಪಟ್ಟಿಯ ಮೊಳೆಗಳು ಕಿತ್ತು ಬಂದವು. ಆಗ ನಾಚಿಕೆಯಿಂದ ಬಡಗಿಯ ಮನೆಗೆ ಹೋದೆನು. ಅವನು ಸಿಟ್ಟಾಗಲಿಲ್ಲ. "ಅಯ್ಯನವರೇ, ಮರ ಚೆನ್ನಾಗಿ ಒಣಗಿದ್ದೇ. ಹಲಗೆಗೆ ಸರಿದಾಡಲು ಎಡೆ ಬಿಡುತ್ತೇನೆಂದು ನಾನು ಹೇಳಿದೆನು. ಮೇಜು ಅಲುಗಬಾರದು, ಸಾಲಾಗಿ ಮೊಳೆ ಹೊಡೆ ಎಂದು ನೀವೇ ಹೇಳಿದಿರಿ" ಅಂದನು. ಅದು ನಿಜವಾಗಿತ್ತು.

ಹೀಗಿರಲಾಗಿ ಮರದ ಸ್ವಭಾವವನ್ನು ತಿಳಿಯುವದು ಅವಶ್ಯ. ಕಡಿದ ಮರವು ಎಷ್ಟು ಒಣಗಿದರೂ ಮಳೆಗಾಲದ ಗಾಳಿಯಿಂದ ತೇವವನ್ನು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಅದನ್ನು ಬಿಟ್ಟು ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಹೆಚ್ಚುಕಡಿಮೆ ಕಾಣದಷ್ಟು ಅಲ್ಪ. ಅಗಲಕ್ಕೆ ಮಾತ್ರ ಬಹಳ. ಅದರಲ್ಲಿಯೂ ಕಾಂಡದ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವದರ ಸುಮಾರು ಎರಡರಷ್ಟು. ೩೦ ಅಂಗುಲದ ಸಾಗುವಾನಿ ಹಲಗೆಯು ನಮ್ಮ ಸೀಮೆಯ ಮಳೆಗೂ ಬೇಸಿಗೆಗೂ ಕಾಲು ಅಂಗುಲದಷ್ಟು ಸರಿದಾಡಬಹುದು. ಅಡ್ಡಪಟ್ಟಿಯ ಎಳೆಯಾದರೋ ಹಲಗೆಯ ಅಗಲಕ್ಕೆ ಓಡುತ್ತದೆ, ಅದು ಕುಗ್ಗುವದಿಲ್ಲ. ಎರಡನ್ನೂ ಮೊಳೆಯಿಂದ ಬಂಧಿಸಿದರೆ ಕುಗ್ಗಲಾರದ ಹಲಗೆಯು ಬಿರಿಯಲೇ ಬೇಕು. ಬೇಸಿಗೆಯ ಬಿರುಕನ್ನು ತುಂಬಿಸಿದವನು ಮಳೆಗಾಲದಲ್ಲಿ ಉಬ್ಬುವದಕ್ಕೆ ಇದ್ದ ಎಡೆಯನ್ನೂ ಮುಚ್ಚಿಬಿಟ್ಟನು. ಎಣ್ಣೆ, ವಾರ್ನಿಷುಗಳು ತೇವವನ್ನು ತಡಮಾಡುತ್ತವೆಯೇ ಹೊರತು ನಿಲ್ಲಿಸುವದಿಲ್ಲ.

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಸಹ ಮೊದಲು ಕೇಳಿದ್ದು ಯಾರ ಪಾಪವೆಂದೇ. ಯೋಹಾನನ ಸುವಾರ್ತೆಯ ೯ನೇ ಅಧ್ಯಾಯವನ್ನು ಆ ತಾಯಿಯವರ ಮನೆಯಲ್ಲಿ ಓದಿದೆನು. ಕರ್ತನು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟನಲ್ಲವೇ ಎಂದು ಕೇಳಿದೆನು. ಅವರು ಏನೂ ಹೇಳಲಿಲ್ಲ.

ಮಳೆ ನಿಂತು ಕಾರ್ತಿಕ ಬಂದಾಗ, ಅಂದರೆ ಮರವು ಅತಿ ಉಬ್ಬದೆ ಅತಿ ಕುಗ್ಗದೆ ಇರುವ ಕಾಲದಲ್ಲಿ, ಬಡಗಿಯು ಮೇಜನ್ನು ಬಿಚ್ಚಿದನು. ನಾನು ತುಂಬಿಸಿದ ಸೀಳನ್ನು ಗರಗಸದಿಂದ ತೆಗೆದು, ಹಲಗೆಗಳ ನಡುವೆ ಕಡ್ಡಿಗಳನ್ನಿಟ್ಟು ಪ್ರಾರ್ಥನಾಲಯದಲ್ಲಿಯೇ ಒಂದು ತಿಂಗಳು ಪೇರಿಸಿಟ್ಟನು. ಆಮೇಲೆ ಅಂಚುಗಳನ್ನು ಕೀಸುಳಿಯಿಂದ ನೇರಮಾಡಿ, ಕಡಿಮೆಯಾದ ಅಗಲಕ್ಕೆ ಅದೇ ಜಾತಿಯ ಪಟ್ಟಿಯೊಂದನ್ನು ಸೇರಿಸಿ, ಅಂಚಿಗೆ ಅಂಚು ಅಂಟಿಸಿದನು. ಇಲ್ಲಿ ಅಂಟು ದೋಷವಲ್ಲ, ಯಾಕಂದರೆ ಒಂದೇ ದಿಕ್ಕಿನ ಎಳೆಗಳು ಕೂಡಿಯೇ ಉಬ್ಬಿ ಕೂಡಿಯೇ ಕುಗ್ಗುತ್ತವೆ. ಅಡ್ಡಪಟ್ಟಿಗಳಿಗೆ ಮಾತ್ರ ಅಂಟು ಹಚ್ಚಲಿಲ್ಲ. ಪ್ರತಿಯೊಂದರ ನಡುವೆ ಒಂದು ತಿರುಪು ಮೊಳೆಯನ್ನು ಬಿಗಿಮಾಡಿ, ಇಕ್ಕೆಲಗಳ ಮೊಳೆಗಳಿಗೆ ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ರಂಧ್ರ ಕೊರೆದನು. ಹಲಗೆ ಸರಿದಾಗ ಮೊಳೆಯೂ ಅದರಲ್ಲಿ ಸರಿಯುತ್ತದೆ. ಕಾಲುಗಳ ಚೌಕಟ್ಟಿಗೆ ಒಳಗಡೆ ಗೀರು ತೆಗೆದು, ಹಲಗೆಗೆ ಕೂಡಿಸಿದ ಮರದ ಚಿಕ್ಕ ಕೊಕ್ಕೆಗಳು ಅದರೊಳಗೆ ಜಾರುವಂತೆ ಇಟ್ಟನು. ಹಲಗೆಯ ಕೆಳಮೈಗೂ ಮೇಲಿನಷ್ಟೇ ಎಣ್ಣೆ ಕುಡಿಸಿದನು. ಒಂದು ಮೈಗೆ ಮಾತ್ರ ಹಚ್ಚಿದರೆ ಹಲಗೆ ಬಾಗುತ್ತದೆ. ಪಡುವಣ ಕಿಟಕಿಯ ಬಿಸಿಲಿಗೆ ತಾಗದಂತೆ ಮೇಜಿನ ಸ್ಥಳವನ್ನೂ ಬದಲಾಯಿಸಿದೆವು.

ಮೇಜನ್ನು ತಿರಿಗಿ ಇಟ್ಟ ಭಾನುವಾರ, ಪ್ರಾರ್ಥನೆಗೆ ಮುಂಚೆ ನಾನು ಎದ್ದು, ಮೊಳೆ ಹೊಡೆಸಿದವನು ನಾನೇ ಎಂದು ಸಭೆಯ ಮುಂದೆ ಹೇಳಿದೆನು. ಬಡಗಿಯೂ ಅವನ ಹೆಂಡತಿಯೂ ಎರಡನೆಯ ಸಾಲಿನಲ್ಲಿದ್ದರು. ತಪ್ಪು ಹೊರಿಸಿದ ಹಿರಿಯರಲ್ಲಿ ಒಬ್ಬರು ಆರಾಧನೆಯಾದ ಮೇಲೆ ಅವನ ಕೈ ಹಿಡಿದರು; ಇನ್ನೊಬ್ಬರಿಗೆ ಮತ್ತೂ ಕೆಲವು ವಾರಗಳು ಬೇಕಾದವು.

ಅಂದಿನಿಂದ ಎರಡು ಬೇಸಿಗೆಗಳು ಕಳೆದವು. ಹಲಗೆಯ ಅಂಚು ಬಿಸಿಲು ಕಾಲದಲ್ಲಿ ಸ್ವಲ್ಪ ಒಳಕ್ಕೆ ಸರಿಯುತ್ತದೆ, ಮಳೆಯಲ್ಲಿ ಹೊರಕ್ಕೆ ಬರುತ್ತದೆ. ಆ ತಾಯಿಯವರು ಭೋಜನಕ್ಕೆ ಬಂದಾಗ ಮೊದಲು ಬಟ್ಟೆಯ ಅಂಚನ್ನೆತ್ತಿ ಅಲ್ಲಿಗೆ ಬೆರಳಿಟ್ಟು ನೋಡಿ, ಆಮೇಲೆ ಮೊಣಕಾಲೂರುತ್ತಾರೆ.