ಎರಡಡಿ ಹಲಗೆಯ ಮೇಲೆ ವೈಟ್‌ಫೀಲ್ಡ್ ಸ್ಟೇಷನ್

ಸ್ಪರ್ಧೆಗಾಗಿ ಎರಡಡಿ ಹಲಗೆಯ ಮೇಲೆ ಕಟ್ಟುವ ರೈಲು ಮಾದರಿಗೆ ನಿಮ್ಮೂರಿನ ವೈಟ್‌ಫೀಲ್ಡ್ ನಿಲ್ದಾಣವನ್ನೇ ಆರಿಸಿಕೊಂಡಿದ್ದು ಬಹಳ ಸಂತೋಷ. ಆದರೆ ಇಡೀ ನಿಲ್ದಾಣ ಬೇಡ. 1:87 ಅಳತೆಯಲ್ಲಿ ಒಂದು ಎಲ್‌ಎಚ್‌ಬಿ ಬೋಗಿಯೇ ಸುಮಾರು 27 ಸೆಂ.ಮೀ.; ಎರಡು ಬೋಗಿಗೆ ನಿಮ್ಮ ಹಲಗೆ ಮುಗಿಯಿತು. ಪ್ಲಾಟ್‌ಫಾರ್ಮ್‌ನ ಒಂದು ತುದಿ, ಹಳದಿ ನಾಮಫಲಕ, ಪಾದಚಾರಿ ಸೇತುವೆ ಸಾಕು. ರೈಲಿನ ಬಾಲ ಸೇತುವೆಯಾಚೆ ಮರೆಯಾಗಲಿ.

ಹಳಿಗಳ ಅಂತರದ ಚಿಂತೆ ಬಿಡಿ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್‌ಗೆ ಲೆಕ್ಕದಂತೆ 19.3 ಮಿ.ಮೀ. ಬೇಕು, ಸಿದ್ಧ ಹಳಿ ಬರುವುದು 16.5ರಲ್ಲಿ. ಸ್ನೇಹದ ಸ್ಪರ್ಧೆಗೆ ನಡೆಯುತ್ತದೆ.

ಜಲ್ಲಿಗೆ ಮಾತ್ರ ಸಮಯ ಕೊಡಿ. ಎಂ-ಸ್ಯಾಂಡನ್ನು ಟೀ ಸೋಸುವ ಜರಡಿಯಲ್ಲಿ ಸಾಣಿಸಿ ಹರಡಿ, ನೀರು ಸಿಂಪಡಿಸಿ. ಸಮಪಾಲು ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿ ಡ್ರಾಪರ್‌ನಿಂದ ಬಿಡಿ. ಅಂಟು ಕಾಳುಗಳ ನಡುವೆ ಸಲೀಸಾಗಿ ಇಳಿಯುತ್ತದೆ. ಹಳಿಯ ಪಕ್ಕಗಳಿಗೆ ತುಕ್ಕುಗಂದು ಬಳಿಯಿರಿ, ತಲೆಯನ್ನು ಒರೆಸಿ ಹೊಳಪು ಉಳಿಸಿ.