ಕ್ಯಾಮೆರಾ ಹೆಗಲಿಗೇರಿಸಿದವರಿಗೆ

ಸೇಡಂ, ಕೋಡ್ಲಾ, ಮಳಖೇಡ, ವಾಡಿ: ಈ ಕಡೆ ಕ್ಯಾಮೆರಾ ಎತ್ತಿದರೆ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಣ್ಣಿಗೆ ಬೀಳುವುದು ಹೆಚ್ಚು. ಬೆನ್ನಿಗೇ ಕಾವಲುಗಾರನ ಸೀಟಿ. ಸಾರ್ವಜನಿಕ ರಸ್ತೆಯಲ್ಲಿ ನಿಂತು ಕಂಡದ್ದನ್ನು ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಗೇಟು, ಗಣಿಯ ಬೇಲಿ ದಾಟಿದಿರೋ, ಅವರ ಜಾಗ, ಅವರ ನಿಯಮ. ಫೋನ್ ಕಸಿಯುವ, ಫೋಟೊ ಅಳಿಸುವ ಅಧಿಕಾರ ಖಾಸಗಿ ಕಾವಲುಗಾರನಿಗಿಲ್ಲ. ಹಾಗೆಂದು ಈ ಬಿಸಿಲಲ್ಲಿ ಇಡೀ ದಿನ ನಿಂತವನ ಮುಂದೆ ಕಾನೂನು ಓದಬೇಡಿ. ‘ಕಾಕಾ, ರಸ್ತೆ ಮ್ಯಾಲಿಂದ ತೆಗಿಲಕತ್ತೀನ್ರಿ, ನೋಡ್ರಿ’ ಎಂದು ತೆಗೆದದ್ದನ್ನು ತೋರಿಸಿ. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಪೊಲೀಸರು ಕೇಳಿದರೆ ಹೆಸರು, ಊರು, ಕೆಲಸ ಹೇಳಿ. ಕ್ಯಾಮೆರಾ ಜಪ್ತಿ ಎಂದರೆ ಯಾವ ಪ್ರಕರಣಕ್ಕೆ ಎಂದು ವಿಚಾರಿಸಿ, ಲಿಖಿತ ಪಟ್ಟಿ ಕೇಳಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿಯನ್ನು ಪೊಲೀಸರೇ ವಿಡಿಯೊದಲ್ಲಿ ದಾಖಲಿಸಬೇಕು.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗುವಿರಾದರೆ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ವಾಡಿ ಜಂಕ್ಷನ್‌ನಲ್ಲಿ ಸ್ಟೇಷನ್ ಮಾಸ್ಟರರನ್ನು ಕೇಳಿದ ಮೇಲೆಯೇ ಲೆನ್ಸ್ ಮುಚ್ಚಳ ತೆಗೆಯಿರಿ.